ಕರೆಂಟ್ ಗಾಡಿಯಲ್ಲಿ ಲೋಡು, ಟ್ರೇಲರು, ಜಾತ್ರೆ ಬಿಡಾರ: ನಮ್ಮ ಕಡೆ ರೈತರಿಗೆ ಎಷ್ಟು ಆಗಿಬರುತ್ತೆ?

ಹೊಸಕೋಟೆ, ಅನುಗೊಂಡನಹಳ್ಳಿ, ವೈಟ್‌ಫೀಲ್ಡ್ ರಸ್ತೆಗಳಲ್ಲಿ ಹಸಿರು ನಂಬರ್ ಪ್ಲೇಟಿನ ಲಗೇಜ್ ಗಾಡಿಗಳು ಈಗ ದಿನಾ ಕಣ್ಣಿಗೆ ಬೀಳುತ್ತವೆ. ಹೆಚ್ಚಿನವು ಗೋಡೌನ್‌ಗಳಿಂದ ಪಾರ್ಸೆಲ್ ಹೊತ್ತು ಓಡುವಂಥವು. ಅದನ್ನು ನೋಡಿದ ರೈತರು ಕೇಳುವ ಪ್ರಶ್ನೆ ಮೂರು. ನಮ್ಮ ಟೊಮೆಟೊ, ಹೂವು, ಸೊಪ್ಪಿಗೆ ಇದು ಆಗುತ್ತಾ? ಹಿಂದೆ ಒಂದು ಸಣ್ಣ ಟ್ರೇಲರ್ ಕಟ್ಟಿ ಎಳೆಯಬಹುದಾ? ಘಾಟಿ ದನಗಳ ಜಾತ್ರೆಗೆ ಎತ್ತು ಹಾಕ್ಕೊಂಡು ಹೋಗಿ ನಾಲ್ಕು ದಿನ ಬೀಡು ಬಿಟ್ಟು ವಾಪಸ್ ಬರಬಹುದಾ?

ಒಂದೇ ಮಾತಲ್ಲಿ ಹೌದು, ಇಲ್ಲ ಅಂತ ಹೇಳೋಕೆ ಬರಲ್ಲ. ಮೊದಲನೆಯದಕ್ಕೆ ಬಹುಪಾಲು ಹೌದು, ಎರಡನೆಯದಕ್ಕೆ ಇಲ್ಲ, ಮೂರನೆಯದಕ್ಕೆ ಲೆಕ್ಕ ಹಾಕಿ ನೋಡಬೇಕು. ಸಾಲ ಮಾಡಿ ಆರೇಳು ಲಕ್ಷ ಸುರಿಯುವ ವಿಚಾರ, ಆದ್ದರಿಂದ ಲೆಕ್ಕವನ್ನೇ ಹಾಕೋಣ.

ಬ್ಯಾಟರಿ ಅಂದರೆ ಎಷ್ಟು ಲೀಟರ್ ಡೀಸೆಲ್?

ಟಾಟಾ ಏಸ್ ಇವಿ 2022ರ ಮೇ ತಿಂಗಳಲ್ಲಿ ಬಂತು. ಅದರ ಬ್ಯಾಟರಿ 21.3 ಕಿಲೋವ್ಯಾಟ್ ಅವರ್. ನಮ್ಮ ಮೀಟರ್ ಭಾಷೆಯಲ್ಲಿ ಹೇಳಿದರೆ ಇಪ್ಪತ್ತೊಂದು ಯೂನಿಟ್ ಕರೆಂಟು ಹಿಡಿಯುವ ಡಬ್ಬಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿ ಇರುತ್ತೆ. ಹಾಗಾದರೆ ಇಡೀ ಬ್ಯಾಟರಿ ಎರಡೇ ಲೀಟರ್ ಡೀಸೆಲ್‌ಗೆ ಸಮ ಆಯ್ತಲ್ಲ ಅಂತ ಅನ್ನಿಸಬಹುದು. ಆದರೆ ಡೀಸೆಲ್ ಎಂಜಿನ್ ಆ ಹತ್ತು ಯೂನಿಟ್‌ನಲ್ಲಿ ಮೂರಕ್ಕಿಂತ ಕಡಿಮೆಯನ್ನು ಚಕ್ರಕ್ಕೆ ಕೊಡುತ್ತೆ, ಉಳಿದದ್ದೆಲ್ಲ ಶಾಖವಾಗಿ ರೇಡಿಯೇಟರ್, ಸೈಲೆನ್ಸರ್ ಪಾಲು. ಮೋಟರು ಹಾಗಲ್ಲ, ನೂರಕ್ಕೆ ಎಂಬತ್ತೈದರಷ್ಟನ್ನಾದರೂ ಚಕ್ರಕ್ಕೆ ಮುಟ್ಟಿಸುತ್ತೆ. ಅದಕ್ಕೆ ತುಂಬಿದ ಬ್ಯಾಟರಿ ಕೆಲಸದ ಲೆಕ್ಕದಲ್ಲಿ ಆರರಿಂದ ಏಳು ಲೀಟರ್ ಡೀಸೆಲ್‌ಗೆ ಸಮ.

ಈ ಒಂದು ಅಂಕಿ ತಲೆಯಲ್ಲಿಟ್ಟುಕೊಳ್ಳಿ. ಆರೇಳು ಲೀಟರ್ ಡೀಸೆಲ್ ಹಾಕಿಸಿಕೊಂಡು ಹೊರಟ ಏಸ್ ಗಾಡಿ ಎಲ್ಲಿಗೆ ಹೋಗಿ ಬರುತ್ತೋ ಅಲ್ಲಿಗೆ ಇದೂ ಹೋಗಿ ಬರುತ್ತೆ. ವ್ಯತ್ಯಾಸ ಇಷ್ಟೇ: ಡೀಸೆಲ್ ಮುಗಿದರೆ ಬಂಕ್‌ನಲ್ಲಿ ಐದು ನಿಮಿಷ, ಇಲ್ಲಿ ಮನೆಯ ಪ್ಲಗ್‌ನಲ್ಲಿ ಏಳು ಗಂಟೆ.

ಕಂಪನಿ ಹೇಳುವ 154 ಕಿಲೋಮೀಟರ್ ಪರೀಕ್ಷೆಯ ಅಂಕಿ. ತುಂಬಿದ ಲೋಡು, ಹಳ್ಳಿ ರಸ್ತೆ, ಗುಂಡಿ, ಹಂಪು ಎಲ್ಲ ಸೇರಿಸಿ ನೂರು ಕಿಲೋಮೀಟರ್ ಆಸುಪಾಸು ಅಂತ ಹಿಡಿದುಕೊಂಡರೆ ನಡು ರಸ್ತೆಯಲ್ಲಿ ನಿಲ್ಲುವ ಪ್ರಮೇಯ ಬರಲ್ಲ. ಅಂದರೆ ಯೂನಿಟ್‌ಗೆ ಐದು ಕಿಲೋಮೀಟರ್. ಮುಂದಿನ ಲೆಕ್ಕವೆಲ್ಲ ಇದರ ಮೇಲೇನೇ.

ಮಾರ್ಕೆಟ್ಟಿನ ದಾರಿ

ಅನುಗೊಂಡನಹಳ್ಳಿಯಿಂದ ಹೊಸಕೋಟೆ ಹದಿನೈದು ಕಿಲೋಮೀಟರ್ ಹತ್ತಿರ, ವೈಟ್‌ಫೀಲ್ಡ್ ಕೂಡ ಹೆಚ್ಚುಕಮ್ಮಿ ಅಷ್ಟೇ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಮೂವತ್ತೈದು ನಲವತ್ತು. ಕೋಲಾರದ ಎಪಿಎಂಸಿ ಮಾಲೂರಿನ ಮೇಲೆ ಹೋದರೆ ನಲವತ್ತೈದು ಐವತ್ತು.

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗಳಿಗೆ ಸೊಪ್ಪು, ತರಕಾರಿ ಹಾಕುವವರಿಗೆ ಯೋಚನೆಯೇ ಬೇಡ. ದಿನಕ್ಕೆ ಎರಡು ಟ್ರಿಪ್ ಹೊಡೆದರೂ ಅರವತ್ತು ಕಿಲೋಮೀಟರ್. ಸಿಗ್ನಲ್‌ನಲ್ಲಿ ನಿಂತು ನಿಂತು ಹೋಗುವ ಕಡೆ ಡೀಸೆಲ್ ಗಾಡಿ ಸುಮ್ಮನೆ ಕುಡಿಯುತ್ತೆ, ಕರೆಂಟ್ ಗಾಡಿ ನಿಂತಾಗ ಏನೂ ತಿನ್ನಲ್ಲ. ಬ್ರೇಕ್ ಹಿಡಿದಾಗ ಒಂದಿಷ್ಟು ಶಕ್ತಿ ವಾಪಸ್ ಬ್ಯಾಟರಿಗೇ ಹೋಗುತ್ತೆ. ಪೇಟೆ ಓಡಾಟಕ್ಕೇ ಮಾಡಿದ ಗಾಡಿ ಇದು.

ಹೂವಿನವರಿಗೆ ಇನ್ನೂ ಒಳ್ಳೆಯದು. ಸೇವಂತಿಗೆ, ಚೆಂಡುಹೂವು ಜಾಗ ತುಂಬುತ್ತೆ, ತೂಕ ಬರಲ್ಲ. ತೊಟ್ಟಿ ತುಂಬಿದರೂ ಗಾಡಿಗೆ ಭಾರ ಇರಲ್ಲ, ಹಾಗಾಗಿ ಮೈಲೇಜೂ ಬೀಳಲ್ಲ. ಒಂದೇ ತೊಡಕು ಅಂದರೆ ಹೊತ್ತು. ಕೆ.ಆರ್. ಮಾರ್ಕೆಟ್‌ಗೆ ಹೊರಡೋದು ರಾತ್ರಿ ಎರಡು ಮೂರು ಗಂಟೆಗೆ. ಹಿಂದಿನ ದಿನ ಸಂಜೆ ಆರಕ್ಕೇ ಚಾರ್ಜ್‌ಗೆ ಹಾಕಿದರೆ ಹೊರಡುವ ಹೊತ್ತಿಗೆ ತುಂಬಿರುತ್ತೆ, ಹತ್ತು ಗಂಟೆಗೆ ಊಟ ಮಾಡಿ ನೆನಪಾಗಿ ಹಾಕಿದರೆ ತುಂಬಿರಲ್ಲ.

ಟೊಮೆಟೊ ಲೆಕ್ಕ ಬೇರೆ. ಕೋಲಾರದಲ್ಲಿ ಬಾಕ್ಸ್ ಅಂದರೆ ಹದಿನೈದು ಕೆಜಿ, ಕ್ರೇಟಿನ ತೂಕ ಸೇರಿಸಿ ಹದಿನೇಳು ಅಂದ್ಕೊಳ್ಳಿ. ಮೊದಲು ಬಂದ ಏಸ್ ಇವಿ ಹೊರುವುದು 600 ಕೆಜಿ, ಮೂವತ್ತೈದು ಬಾಕ್ಸ್. 2024ರಲ್ಲಿ ಬಂದ ಏಸ್ ಇವಿ 1000 ಒಂದು ಟನ್ ಹೊರುತ್ತೆ, ಐವತ್ತೆಂಟು ಬಾಕ್ಸ್. ಮಹೀಂದ್ರಾ ಝಿಯೋ 765 ಕೆಜಿವರೆಗೆ, 2025ರ ಏಸ್ ಪ್ರೋ ಇವಿ 750 ಕೆಜಿ. ಡೀಸೆಲ್ ಬೊಲೆರೋ ಪಿಕಪ್‌ನಲ್ಲಿ ನೂರು ಬಾಕ್ಸ್ ಹಾಕಿ ಅಭ್ಯಾಸ ಆದವರಿಗೆ ಇದು ಸಾಲದು. ಎಲ್ಲರೂ ಓವರ್‌ಲೋಡ್ ಹಾಕ್ತಾರಲ್ಲ ಅಂತ ನೀವೂ ಹಾಕಿದರೆ ಟೈರ್, ಪ್ಲೇಟ್ ಜೊತೆ ಬ್ಯಾಟರಿಯ ದೂರವೂ ಹೋಗುತ್ತೆ. ಕೋಲಾರಕ್ಕೆ ಹೋಗಿ ಬರುವ ನೂರು ಕಿಲೋಮೀಟರ್ ಮೊದಲೇ ಅಂಚಿನಲ್ಲಿದೆ. ಬರುವಾಗ ಖಾಲಿ ಗಾಡಿ ಅನ್ನೋದೊಂದೇ ಸಮಾಧಾನ. ಬೆಲೆ ಸಿಗದೆ ಅದೇ ಮಾಲು ಹಾಕಿಕೊಂಡು ಬೇರೆ ಮಂಡಿ ಸುತ್ತುವ ದಿನವೂ ಬರುತ್ತಲ್ಲ, ಆ ದಿನ ಈ ಗಾಡಿ ಕೈ ಕೊಡುತ್ತೆ.

ಏರು ರಸ್ತೆ ಬಗ್ಗೆ ಭಯ ಬೇಡ. ಗಾಡಿ, ಲೋಡು ಸೇರಿ 1,840 ಕೆಜಿ ಇರುವ ಏಸ್ ಇವಿ ನೂರು ಮೀಟರ್ ಎತ್ತರ ಹತ್ತಲು ತಿನ್ನುವುದು ಅರ್ಧ ಯೂನಿಟ್ ಚಿಲ್ಲರೆ, ಅಂದರೆ ಮೂರು ಕಿಲೋಮೀಟರ್ ಓಟದಷ್ಟು. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತೆ. ನಮ್ಮದು ಬಯಲು ಸೀಮೆ, ಇಲ್ಲಿ ಏರಿಗಿಂತ ವೇಗವೇ ಹೆಚ್ಚು ತಿನ್ನೋದು. ಹೆದ್ದಾರಿ ಸಿಕ್ಕಿತು ಅಂತ ಒತ್ತಿದರೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತೆ. ನಲವತ್ತರಲ್ಲಿ ಇರುವ ತಡೆ ಅರವತ್ತರಲ್ಲಿ ಎರಡೂಕಾಲು ಪಟ್ಟು.

ಟ್ರೇಲರ್ ಕಟ್ಟೋದು

ಅಮೆರಿಕದಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್ ಅಂತ ದೊಡ್ಡ ಕರೆಂಟ್ ಪಿಕಪ್ 2022ರಲ್ಲಿ ಬಂತು. ಅದು ನಾಲ್ಕೂವರೆ ಟನ್ ಟ್ರೇಲರ್ ಎಳೆಯುತ್ತೆ, ಅದರ ದೊಡ್ಡ ಬ್ಯಾಟರಿ 131 ಯೂನಿಟ್, ನಮ್ಮ ಏಸ್‌ನ ಆರು ಪಟ್ಟು. ಖಾಲಿ ಓಡಿದರೆ ಐನೂರು ಕಿಲೋಮೀಟರ್ ಅಂತ ಹೇಳಿದ್ದ ಆ ಗಾಡಿ, ಎತ್ತರದ ಟ್ರೇಲರ್ ಕಟ್ಟಿ ಹೆದ್ದಾರಿಗೆ ಇಳಿದಾಗ ಅರ್ಧ ದೂರ, ಕೆಲವು ಸಲ ಅದಕ್ಕೂ ಕಡಿಮೆಗೆ ಬಂದು ನಿಂತಿತು. ಎಳೆಯುವ ತಾಕತ್ತು ಕಡಿಮೆ ಅಂತಲ್ಲ. ಮೋಟರಿಗೆ ನಿಂತಲ್ಲಿಂದಲೇ ಪೂರಾ ಎಳೆತ ಇರುತ್ತೆ, ಕ್ಲಚ್ ಸುಡುವ ಮಾತೇ ಇಲ್ಲ. ಕಡಿಮೆ ಬೀಳೋದು ಡಬ್ಬಿಯಲ್ಲಿರುವ ಶಕ್ತಿ.

ಆರು ಪಟ್ಟು ಬ್ಯಾಟರಿ ಇದ್ದದ್ದಕ್ಕೇ ಹೀಗಾದರೆ ನಮ್ಮ ಸಣ್ಣ ಗಾಡಿಗೆ ಏನು ಗತಿ? ಅಂದಾಜು ಹೇಳ್ತೀನಿ. ಒಂದು ಟನ್ ತೂಕದ ಟ್ರೇಲರನ್ನು ಒಳ್ಳೆ ಟಾರ್ ರಸ್ತೆಯಲ್ಲಿ ನಿಧಾನಕ್ಕೆ ಒಂದು ಕಿಲೋಮೀಟರ್ ಎಳೆಯಲು ಯೂನಿಟ್‌ನಲ್ಲಿ ಇಪ್ಪತ್ತೈದನೇ ಒಂದು ಪಾಲು ಸಾಕು. ಅದೇ ಟ್ರೇಲರ್ ಉತ್ತ ಹೊಲದ ಸಡಿಲ ಮಣ್ಣಿಗೆ ಇಳಿದರೆ ಐದನೇ ಒಂದು ಪಾಲು ಬೇಕು. ಐದು ಪಟ್ಟು. ಮಳೆ ಬಿದ್ದ ಕೆಂಪು ಮಣ್ಣು ಆದರೆ ಲೆಕ್ಕವೇ ಇಲ್ಲ, ಚಕ್ರ ಅಲ್ಲೇ ಸುತ್ತುತ್ತೆ.

ಇನ್ನೂ ಮುಖ್ಯವಾದದ್ದು ಕಾಗದ ಪತ್ರ. ಸಣ್ಣ ಗೂಡ್ಸ್ ಗಾಡಿಯನ್ನು ಕಂಪನಿಯವರು ತೊಟ್ಟಿಯಲ್ಲಿ ಹೊರೋದಕ್ಕೆ ಅಂತ ಮಾಡಿರ್ತಾರೆ. ವೆಲ್ಡಿಂಗ್ ಅಂಗಡಿಯಲ್ಲಿ ಹಿಂದೆ ಕೊಂಡಿ ಹಾಕಿಸಿದರೆ ಬ್ಯಾಟರಿ ವಾರಂಟಿ ಬಗ್ಗೆ ತಕರಾರು ಎತ್ತಲು ಅವರಿಗೆ ನೀವೇ ಕಾರಣ ಕೊಟ್ಟ ಹಾಗೆ. ಬ್ಯಾಟರಿ ಇರೋದೂ ತೊಟ್ಟಿಯ ಕೆಳಗೇ, ಅಲ್ಲಿ ವೆಲ್ಡಿಂಗ್ ಕಿಡಿ ಹಾರಿಸೋದು ಆಟದ ಮಾತಲ್ಲ. ಟ್ರೇಲರ್‌ಗೂ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರತ್ಯೇಕ ನೋಂದಣಿ ಬೇಕು. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದೇ ಇದನ್ನು.

ಗೊಬ್ಬರ, ಮೇವು, ರಾಗಿ ಹುಲ್ಲು ಎಳೆಯೋದಕ್ಕೆ ಟ್ರ್ಯಾಕ್ಟರೇ ಸರಿ. ಕರೆಂಟ್ ಟ್ರ್ಯಾಕ್ಟರುಗಳೂ ಬಂದಿವೆ. ಸೋನಾಲಿಕಾ ಟೈಗರ್ ಎಲೆಕ್ಟ್ರಿಕ್ 2020ರ ಡಿಸೆಂಬರ್‌ನಲ್ಲೇ ಬಂತು, 25.5 ಯೂನಿಟ್ ಬ್ಯಾಟರಿ. ತೋಟದ ಸಾಲುಗಳ ನಡುವೆ ಸಣ್ಣ ಕೆಲಸಕ್ಕೆ ಅದು ಸರಿ, ದಿನವಿಡೀ ಬಾಡಿಗೆಗೆ ಉಳುವವರಿಗಲ್ಲ. ಅದರ ಬಗ್ಗೆ ಬರೆಯಲು ಇನ್ನೊಂದು ವಾರ ಬೇಕು.

ಘಾಟಿ ಜಾತ್ರೆಗೆ ಹೋದರೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಡಿಸೆಂಬರ್ ಜನವರಿಯಲ್ಲಿ ಸೇರುತ್ತೆ, ಬ್ರಹ್ಮರಥೋತ್ಸವ ಪುಷ್ಯ ಶುದ್ಧ ಷಷ್ಠಿಗೆ. ಪೆಂಡಾಲ್ ಹಾಕಿ, ಹಳ್ಳಿಕಾರ್ ಜೋಡಿ ಕಟ್ಟಿ, ಅಲ್ಲೇ ಮುದ್ದೆ ಬೇಯಿಸಿಕೊಂಡು ದಿನಗಟ್ಟಲೆ ಬೀಡು ಬಿಡುವ ಜಾತ್ರೆ. ಅನುಗೊಂಡನಹಳ್ಳಿಯಿಂದ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಮೇಲೆ ಎಂಬತ್ತು ಕಿಲೋಮೀಟರ್ ಹತ್ತಿರ.

ಮೊದಲು ಎತ್ತಿನ ಮಾತು. ಸಾಧಾರಣ ಹಳ್ಳಿಕಾರ್ ಎತ್ತು ಮುನ್ನೂರೈವತ್ತರಿಂದ ನಾನೂರೈವತ್ತು ಕೆಜಿ. ಜೋಡಿ ಅಂದರೆ ಏಳುನೂರರಿಂದ ಒಂಬೈನೂರು. 600 ಕೆಜಿ ಗಾಡಿಗೆ ಇದು ಆಗಲೇ ಆಗಲ್ಲ. ಒಂದು ಟನ್ ಗಾಡಿಗೆ ತೂಕ ಸರಿ ಹೋದರೂ ಜಾಗ ಸರಿ ಹೋಗಲ್ಲ. ಕೇಂದ್ರ ಮೋಟಾರು ವಾಹನ ನಿಯಮ 125-ಇ ಪ್ರಕಾರ ದನ ಒಂದಕ್ಕೆ ಎರಡು ಚದರ ಮೀಟರ್ ಜಾಗ ಬೇಕು, ನಡುವೆ ಗಟ್ಟಿ ಅಡ್ಡಗೋಡೆ ಇರಬೇಕು. ಏಸ್ ತೊಟ್ಟಿ ಏಳಡಿ ಉದ್ದ, ಐದಡಿಗಿಂತ ಸ್ವಲ್ಪ ಕಡಿಮೆ ಅಗಲ, ಮೂರು ಚದರ ಮೀಟರ್ ಚಿಲ್ಲರೆ. ಒಂದು ಎತ್ತು ಹಿಡಿಸುತ್ತೆ, ಜೋಡಿ ಹಿಡಿಸಲ್ಲ. ಡೀಸೆಲ್ ಏಸ್‌ಗೂ ಇದೇ ಮಾತು, ಇದು ಬ್ಯಾಟರಿಯ ತಪ್ಪಲ್ಲ. ಜಾತ್ರೆಗೆ ಜೋಡಿ ಒಯ್ಯುವವರು ದೊಡ್ಡ ಗಾಡಿ ಬಾಡಿಗೆ ಹಿಡಿಯೋದೇ ಲೇಸು, ಪ್ರಾಣಿಗೂ ನೆಮ್ಮದಿ. ಕುರಿಗಾದರೆ ನಿಯಮದ ಪ್ರಕಾರ ತಲಾ 0.3 ಚದರ ಮೀಟರ್, ಹತ್ತು ಕುರಿ ಆರಾಮಾಗಿ ಹೋಗುತ್ತವೆ, ತೂಕವೂ ಹಗುರ.

ಎತ್ತು ಬೇರೆ ಲಾರಿಯಲ್ಲಿ ಹೋಯ್ತು, ಕರೆಂಟ್ ಗಾಡಿಯಲ್ಲಿ ಮೇವು, ಪಾತ್ರೆ, ಟಾರ್ಪಾಲು, ನೀರಿನ ಡ್ರಮ್ಮು ಹೋಯ್ತು ಅಂದುಕೊಳ್ಳೋಣ. ಎಂಬತ್ತು ಕಿಲೋಮೀಟರ್‌ಗೆ ಹದಿನಾರು ಯೂನಿಟ್ ಖರ್ಚು, ತಲುಪಿದಾಗ ಉಳಿಯೋದು ಐದು. ಬೀಡಿನಲ್ಲಿ ಬೇಕಾದದ್ದು ಎಷ್ಟು ನೋಡಿ. ಒಂಬತ್ತು ವ್ಯಾಟಿನ ಎರಡು ಎಲ್‌ಇಡಿ ಬಲ್ಬು ರಾತ್ರಿಯಿಡೀ ಉರಿದರೂ ಯೂನಿಟ್‌ನಲ್ಲಿ ಐದನೇ ಒಂದು ಪಾಲು ಮುಟ್ಟಲ್ಲ. ಐದಾರು ಮೊಬೈಲಿಗೆ ಹತ್ತನೇ ಒಂದು ಪಾಲು. ನಾಲ್ಕು ರಾತ್ರಿಗೆ ಒಂದೂವರೆ ಯೂನಿಟ್ ಒಳಗೆ ಮುಗೀತು. ಇಂಡಕ್ಷನ್ ಒಲೆ ಇಟ್ಟರೆ ಮಾತ್ರ ದಿನಕ್ಕೆ ಮೂರು ಯೂನಿಟ್. ಮುದ್ದೆಗೆ ಸೌದೆ ಒಲೆ ಅಥವಾ ಗ್ಯಾಸ್ ಸಾಕು ಬಿಡಿ.

ಆದರೆ ಗಾಡಿಯಿಂದ ಬಲ್ಬು ಉರಿಸೋದಕ್ಕೆ ಗಾಡಿಯಲ್ಲಿ ಆ ಸೌಲಭ್ಯ ಇರಬೇಕು. ಆ ಫೋರ್ಡ್ ಗಾಡಿಯಲ್ಲಿ ತೊಟ್ಟಿಯಲ್ಲೇ ಪ್ಲಗ್ ಇರುತ್ತೆ, ಅಲ್ಲಿನ ಜನ ಕಾಡಿನಲ್ಲಿ ಟೆಂಟ್ ಹಾಕಿದಾಗ ಅದರಿಂದಲೇ ಅಡುಗೆ ಮಾಡ್ತಾರೆ. ನಮ್ಮಲ್ಲಿ ಟಾಟಾ ನೆಕ್ಸಾನ್ ಇವಿಯಂಥ ಕಾರಿಗೆ 2023ರಿಂದ ಅಂಥ ವ್ಯವಸ್ಥೆ ಬಂದಿದೆ. ಲಗೇಜ್ ಗಾಡಿ ಕೊಳ್ಳುವಾಗ ಶೋರೂಮಿನಲ್ಲಿ ಬಾಯಿಬಿಟ್ಟು ಕೇಳಿ, ಇದೆ ಅಂದರೆ ಅಲ್ಲೇ ಒಂದು ಬಲ್ಬು ಹಚ್ಚಿ ತೋರಿಸಲು ಹೇಳಿ. ಇಲ್ಲದ ಗಾಡಿಯಲ್ಲಿ ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ವೈರಿಗೆ ಯಾವ ಎಲೆಕ್ಟ್ರಿಷಿಯನ್ ಕೈಯನ್ನೂ ಹಾಕಿಸಬೇಡಿ. ಅದು ಪ್ರಾಣ ತೆಗೆಯುವ ಕರೆಂಟು.

ಇನ್ನೊಂದು, ಇದು ಬಹಳ ಜನಕ್ಕೆ ತಿಳಿಯದ ವಿಚಾರ. ಕರೆಂಟ್ ಗಾಡಿಯಲ್ಲೂ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತೆ. ದೊಡ್ಡ ಬ್ಯಾಟರಿಯ ಸ್ವಿಚ್ಚನ್ನು ಎಬ್ಬಿಸೋದೇ ಅದು. ಗಾಡಿ ಆಫ್ ಮಾಡಿ, ಆ ಸಣ್ಣ ಬ್ಯಾಟರಿಗೆ ಬಲ್ಬು, ರೇಡಿಯೋ ಸಿಕ್ಕಿಸಿ ರಾತ್ರಿ ಕಳೆದರೆ ಬೆಳಿಗ್ಗೆ ದೊಡ್ಡದರಲ್ಲಿ ಐದು ಯೂನಿಟ್ ಇದ್ದರೂ ಗಾಡಿ ಏಳಲ್ಲ. ತಳ್ಳಿ ಸ್ಟಾರ್ಟ್ ಮಾಡೋದಂತೂ ಆಗದ ಮಾತು. ಜಾತ್ರೆಗೆ ಒಂದು ಸೋಲಾರ್ ಲಾಂದ್ರವೋ ಹಳೆಯ ಯುಪಿಎಸ್ ಬ್ಯಾಟರಿಯೋ ಬೇರೆ ಒಯ್ಯಿರಿ.

ವಾಪಸ್ ಬರಲು ಹದಿನಾರು ಯೂನಿಟ್ ಬೇಕು, ಕೈಯಲ್ಲಿ ಐದು. ಹದಿನೈದು ಆಂಪಿಯರ್ ಪ್ಲಗ್ ಗಂಟೆಗೆ ಮೂರು ಯೂನಿಟ್ ಕೊಡುತ್ತೆ, ಅಂದರೆ ನಾಲ್ಕು ಗಂಟೆಯಾದರೂ ಎಲ್ಲೋ ಹಾಕಲೇಬೇಕು. ಜಾತ್ರೆಯ ತಾತ್ಕಾಲಿಕ ಲೈನಿಗೆ ಸಿಕ್ಕಿಸೋದು ಬೇಡ, ವೋಲ್ಟೇಜ್ ಇರಲ್ಲ, ಅರ್ಥಿಂಗ್ ಇರಲ್ಲ. ದೊಡ್ಡಬಳ್ಳಾಪುರದಲ್ಲಿ ನೆಂಟರ ಮನೆ ಇದ್ದರೆ ಅಲ್ಲೇ ಊಟ, ಅಲ್ಲೇ ಚಾರ್ಜು. ಇಲ್ಲದಿದ್ದರೆ ವೇಗದ ಚಾರ್ಜರ್. ಅದಕ್ಕೆ ಗಾಡಿಯಲ್ಲಿ ವೇಗದ ಚಾರ್ಜಿಂಗ್ ಸಾಕೆಟ್ ಇರಬೇಕು, ಮೂರು ಚಕ್ರದ ಗಾಡಿಗಳಲ್ಲಿ ಹೆಚ್ಚಾಗಿ ಅದು ಇರಲ್ಲ. ಹೊರಡುವ ಮುನ್ನ ಫೋನಿನಲ್ಲಿ ಚಾರ್ಜರ್ ಕೆಲಸ ಮಾಡುತ್ತಿದೆಯಾ ಅಂತ ನೋಡಿಕೊಳ್ಳಿ. ತೊಟ್ಟಿಯಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೋಗುವ ಅಭ್ಯಾಸ ಡೀಸೆಲ್ ಗಾಡಿಯಲ್ಲೂ ತಪ್ಪು, ಇಲ್ಲೂ ತಪ್ಪು.

ಮನೆ ಮೀಟರ್: ಇಲ್ಲೇ ಹಣ ಸೋರೋದು

ಶೋರೂಮಿನಲ್ಲಿ ಕಿಲೋಮೀಟರ್‌ಗೆ ಒಂದು ರೂಪಾಯಿ ಚಿಲ್ಲರೆ ಅಂತಾರೆ. ಅದು ಸುಳ್ಳಲ್ಲ. ಯೂನಿಟ್‌ಗೆ ಆರು ರೂಪಾಯಿ ಹತ್ತಿರ ಹಿಡಿದು, ಚಾರ್ಜ್ ಮಾಡುವಾಗ ಸೋರುವ ಹತ್ತನೇ ಒಂದು ಪಾಲು ಸೇರಿಸಿದರೆ ಕಿಲೋಮೀಟರ್‌ಗೆ ಒಂದು ಮೂವತ್ತು. ಡೀಸೆಲ್ ಲೀಟರಿಗೆ ತೊಂಬತ್ತು, ಮೈಲೇಜ್ ಹದಿನಾರು ಅಂದರೆ ಐದು ಅರವತ್ತು. ಉಳಿತಾಯ ನಾಲ್ಕು ರೂಪಾಯಿಗೆ ಸ್ವಲ್ಪ ಮೇಲೆ.

ಗೃಹಜ್ಯೋತಿಯ ಮಾತನ್ನು ಮಾತ್ರ ಯಾರೂ ಹೇಳಲ್ಲ. 2023ರ ಜುಲೈನಿಂದ ಬಂದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನಕ್ಕೆ ಅರವತ್ತು ಕಿಲೋಮೀಟರ್, ತಿಂಗಳಿಗೆ ಇಪ್ಪತ್ತೈದು ದಿನ ಓಡಿಸಿದರೆ ಗಾಡಿಯೊಂದಕ್ಕೇ ಮುನ್ನೂರು ಯೂನಿಟ್ ದಾಟುತ್ತೆ. ಮನೆಯ ಎಂಬತ್ತು ಯೂನಿಟ್ ಈವರೆಗೆ ಸೊನ್ನೆ ಬಿಲ್ ಆಗಿತ್ತು, ಈಗ ಅದಕ್ಕೂ ದುಡ್ಡು. ಅದಕ್ಕೆ ಬೆಸ್ಕಾಂನಲ್ಲಿ ಗಾಡಿಗೆ ಅಂತಲೇ ಪ್ರತ್ಯೇಕ ಮೀಟರ್ ಕೇಳಿ. ವಿದ್ಯುತ್ ವಾಹನದ ಚಾರ್ಜಿಂಗಿಗೆ ಕೆಇಆರ್‌ಸಿ ಬೇರೆ ದರವನ್ನೇ ಇಟ್ಟಿದೆ. ಬೋರ್‌ವೆಲ್ಲಿನ ಐಪಿ ಸೆಟ್ ಲೈನಿಗೆ ಗಾಡಿ ಸಿಕ್ಕಿಸೋದು ಅಂತೂ ಬೇಡ. ಪಂಪಿಗೆ ಅಂತ ಕೊಟ್ಟ ಪುಕ್ಕಟೆ ಕರೆಂಟು ಅದು, ಸಿಕ್ಕಿಬಿದ್ದರೆ ದಂಡದ ಜೊತೆ ಸಂಪರ್ಕವೂ ಹೋದೀತು. ಮೇಲಾಗಿ ಅಲ್ಲಿ ಕರೆಂಟು ಇರೋದು ಕೆಲವೇ ಗಂಟೆ.

ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಇರುತ್ತೆ. ಗಾಡಿಗೆ ಮೂರು ಬೇಕು, ಲೋಡ್ ಏರಿಸಿಕೊಳ್ಳಿ. ಮೀಟರ್ ಬೋರ್ಡಿನಿಂದ ಗಾಡಿ ನಿಲ್ಲುವ ಜಾಗಕ್ಕೆ ದಪ್ಪ ತಾಮ್ರದ ವೈರ್ ನೇರವಾಗಿ ಎಳೆಸಿ, ಎಂಸಿಬಿ ಜೊತೆ ಶಾಕ್ ತಡೆಯುವ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಗುಂಡಿಗೆ ಹೊಸದಾಗಿ ಇದ್ದಿಲು ಉಪ್ಪು ತುಂಬಿಸಿ. ಏಳು ಗಂಟೆ ಒಂದೇ ಸಮನೆ ಹರಿಯುವ ಕರೆಂಟು ಎಕ್ಸ್‌ಟೆನ್ಷನ್ ಬಾಕ್ಸ್ ತಡೆಯಲ್ಲ, ಕರಗಿ ಹೋಗುತ್ತೆ. ಪಕ್ಕದಲ್ಲಿ ಹುಲ್ಲಿನ ಬಣವೆ ಇದ್ದರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಯಾರು ಕೊಳ್ಳಬೇಕು?

ಡೀಸೆಲ್ ಗಾಡಿಗಿಂತ ಕರೆಂಟ್ ಗಾಡಿಗೆ ಎಷ್ಟು ಹೆಚ್ಚು ಕೊಡ್ತೀರಿ ಅನ್ನೋದನ್ನು ನಾಲ್ಕರಿಂದ ಭಾಗಿಸಿ. ಒಂದೂವರೆ ಲಕ್ಷ ಹೆಚ್ಚಾದರೆ ಮೂವತ್ತೇಳೂವರೆ ಸಾವಿರ ಕಿಲೋಮೀಟರ್. ದಿನಾ ಅರವತ್ತು ಕಿಲೋಮೀಟರ್ ಓಡಿಸುವವರು ಎರಡು ವರ್ಷದಲ್ಲಿ ಅದನ್ನು ದಾಟುತ್ತಾರೆ. ನಾಲ್ಕು ಲಕ್ಷ ಹೆಚ್ಚಾದರೆ ಒಂದು ಲಕ್ಷ ಕಿಲೋಮೀಟರ್, ಅವರಿಗೇ ಐದೂವರೆ ವರ್ಷ. ವಾರಕ್ಕೆ ಎರಡು ಸಲ ಮಾರ್ಕೆಟ್‌ಗೆ ಹೋಗುವ ಎರಡೆಕರೆ ರೈತರು ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಮುಟ್ಟೋದೂ ಕಷ್ಟ. ಅವರಿಗೆ ಇದು ಸಾಲವೇ ಹೊರತು ಉಳಿತಾಯ ಅಲ್ಲ, ಬಾಡಿಗೆ ಗಾಡಿಯೇ ಸಾಕು. ನಾಲ್ಕೈದು ಮನೆ ಸೇರಿ ಒಂದು ಗಾಡಿ ಇಟ್ಟು, ಒಬ್ಬರು ಓಡಿಸಿ, ಎಲ್ಲರ ಮಾಲೂ ಹೋಗುವ ಹಾಗಿದ್ದರೆ ಲೆಕ್ಕ ಬೇರೆ. ಗೂಡ್ಸ್ ಕರೆಂಟ್ ಗಾಡಿಗೆ 2018ರಿಂದ ಪರ್ಮಿಟ್ ಬೇಕಿಲ್ಲ, ಹಾಗಾಗಿ ಪಕ್ಕದವರ ಮಾಲು ಬಾಡಿಗೆಗೆ ಒಯ್ಯಲು ಆ ಒಂದು ತೊಡಕು ತಪ್ಪಿದೆ.

ಕೊಳ್ಳುವ ಮೊದಲು ಟ್ರಯಲ್‌ಗೆ ಗಾಡಿ ಕೇಳಿ, ಖಾಲಿ ಗಾಡಿಯಲ್ಲಿ ಶೋರೂಮ್ ಸುತ್ತಿ ಬರಬೇಡಿ. ಹತ್ತು ಮೂಟೆ ಗೊಬ್ಬರ ಹಾಕಿ, ನಿಮ್ಮ ತೋಟದ ಬಾಗಿಲಿನಿಂದ ನಿಮ್ಮ ಮಂಡಿಯವರೆಗೆ ಓಡಿಸಿ, ಹೊರಟಾಗ ಶೇಕಡಾ ಎಷ್ಟಿತ್ತು, ಬಂದಾಗ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲೇ ಕೇಳಿದರೆ ಇನ್ನೂ ಒಳ್ಳೆಯದು, ತೋಟದ ದಾರಿಯ ಕೆಸರಿನಲ್ಲಿ ಚಕ್ರ ಹಿಡಿಯುತ್ತಾ, ತೊಟ್ಟಿ ಕೆಳಗಿನ ಬ್ಯಾಟರಿಗೆ ಗಾಡಿ ಜಾಡಿನ ದಿಣ್ಣೆ ತಾಗುತ್ತಾ ಅನ್ನೋದೂ ಗೊತ್ತಾಗುತ್ತೆ.